ಬಂದೂಕಿಗೊಂದು ಪಹರೆ

ನಿಜವಾದ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವುದು ಜಪಾನಿನ ಸಾಮಾನ್ಯ ಪ್ರಜೆಗೆ ಕಾನೂನಿನ ದೆಸೆಯಿಂದ ಹೆಚ್ಚುಕಡಮೆ ಅಸಾಧ್ಯವಾದುದರಿಂದ, ಅಲ್ಲಿಯ ವೀರರಸವು ಬೇರೆ ದಾರಿ ಕಾಣದೆ 1970ರ ದಶಕದಲ್ಲಿ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಎಂಬ ಆಟದ ಬಂದೂಕಾಗಿ ಅವತರಿಸಿತು. 1991ರಲ್ಲಿ ಟೋಕಿಯೊ ಮರುಯಿ ಎಂಬ ಸಂಸ್ಥೆಯವರು ಅದಕ್ಕೆ ಮೋಟಾರನ್ನೂ ಬ್ಯಾಟರಿಯನ್ನೂ ಜೋಡಿಸಿದರು. ಅದೇ ವರ್ಷ, ಅದೇ ದೇಶದ ಸೋನಿಯವರು ಲಿಥಿಯಮ್ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದರು. ಮುಂದೆ ಈ ಎರಡು ವಂಶಗಳಿಗೂ ಲಗ್ನಸಂಬಂಧವೇರ್ಪಟ್ಟು, ಅವುಗಳ ಸಂತಾನವು ಆಳಂದದ ನಮ್ಮ ಮನೆಯಲ್ಲಿ ಬಿಡಾರ ಹೂಡುವುದೆಂದೂ, ಇರುವೆಯ ಸಾಲನ್ನು ಕೂಡ ದಾಟದೆ ಬಳಸಿಕೊಂಡು ಹೋಗುವ ಸ್ವಭಾವದ ನಾನು ಅದಕ್ಕೆ ಪಹರೆಯವನಾಗುವೆನೆಂದೂ ಆಗ ಯಾರು ಎಣಿಸಿದ್ದರು?

ಜೇವರ್ಗಿಯ ನನ್ನ ಅಕ್ಕನ ಮಗ, ಓದಿನ ನೆಪದಿಂದ ನಮ್ಮಲ್ಲಿರುವವನು, ಅದನ್ನು ತರಿಸಿಕೊಂಡಾಗ ನಾನು ಅಂಜಿದ್ದು ಗುಂಡಿಗೆ. 6 ಮಿಲಿಮೀಟರ್ ವ್ಯಾಸದ, 0.2 ಗ್ರಾಂ ತೂಕದ ಆ ಗುಂಡು ಕಣ್ಣಿಗೆ ತಗಲಿದರೆ ಅನಾಹುತವೆಂಬುದು ನಿಜ. ಅದಕ್ಕೆ ಕನ್ನಡಕದ ರಕ್ಷಣೆಯುಂಟು. ಹುಡುಗನು ಮಾತ್ರ ಬಂದೂಕನ್ನು ಬದಿಗಿಟ್ಟು, ಅದರ ಉದರದೊಳಗಿದ್ದ ಬ್ಯಾಟರಿಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು, "ಮಾಮಾ, ಅಂಜೂದಾದ್ರ ಇದಕ್ಕ ಅಂಜ್ರಿ" ಎಂದನು.

ಅದರೊಳಗೆ 3.7 ವೋಲ್ಟಿನ ಎರಡು ಕೋಶಗಳು. ಒಂದೊಂದಕ್ಕೂ 4.2 ವೋಲ್ಟಿನವರೆಗೆ ಉಣಿಸಬಹುದು; ಅದರಾಚೆ ಒತ್ತಾಯದ ಉಪಚಾರ ನಡೆದರೆ ಒಡಲು ಉಬ್ಬಿ, ವಿಷಧೂಮವನ್ನು ಕಾರಿ, ಹತ್ತಿ ಉರಿಯುವ ಸಂಭವವುಂಟು. 3 ವೋಲ್ಟಿಗಿಂತ ಕೆಳಗೆ ಉಪವಾಸ ಕೆಡವಿದರೂ ಅದು ಕೆಡುವುದೇ. ಒಂದು ಕೋಶ ತುಂಬಿ ತೇಗುತ್ತಿರುವಾಗ ಮತ್ತೊಂದು ಹಸಿದು ಕುಳಿತಿರುವ ಪಂಕ್ತಿಭೇದ ನಡೆಯದಂತೆ, ಬಿಳಿಯ ಸಣ್ಣ ಪ್ಲಗ್ಗಿನ ಮೂಲಕ ಪ್ರತಿಯೊಂದನ್ನೂ ಬೇರೆಬೇರೆಯಾಗಿ ವಿಚಾರಿಸಿಕೊಳ್ಳುವ ಬ್ಯಾಲೆನ್ಸ್ ಚಾರ್ಜರೇ ಆಗಬೇಕು. ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಚ್ಚಲೇಬಾರದು. ನಮ್ಮ ಮನೆಯ ಯಾವ ಅಳಿಯನೂ ಇಷ್ಟು ನಿಯಮಗಳನ್ನು ವಿಧಿಸಿ ಊಟಕ್ಕೆ ಕುಳಿತದ್ದಿಲ್ಲ.

ಇನ್ನು ಸ್ಥಳದ ಪ್ರಶ್ನೆ. ನೆಲವು ಥಂಡಿಯೆಂದು ಮರುಗಿದ ನನ್ನ ತಾಯಿಯವರು ಬ್ಯಾಟರಿಯನ್ನು ಕೌದಿಯ ಮೇಲಿಡಲು ಹೇಳಿದಾಗ ಹುಡುಗನು ಕಿರುಚಿಕೊಂಡ ರಭಸಕ್ಕೆ ಎದುರುಮನೆಯವರು ಬಾಗಿಲಿಗೆ ಬಂದರು. ತಲೆಮಾರುಗಳ ಸೀರೆ ಧೋತರಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಗಿಂತ ಉತ್ತಮವಾದ ಇಂಧನವನ್ನು ಬೆಂಕಿಯೇ ಬೇಡಿ ಪಡೆಯಲಾರದು. ಕಡೆಗೆ, ಬೆಂಕಿಗೆ ಬಗ್ಗದ ನಮ್ಮ ಶಹಾಬಾದಿನ ಫರ್ಸಿಕಲ್ಲೇ ಪ್ರಶಸ್ತವೆಂದು ತೀರ್ಮಾನವಾಗಿ, ಪಡಸಾಲೆಯ ಒಂದು ಭಾಗದಲ್ಲಿ ಪುಸ್ತಕ, ಪರದೆ, ಗೋಣಿಚೀಲಗಳೆಲ್ಲವೂ ಉಚ್ಚಾಟನೆಗೊಂಡವು. 45 ಡಿಗ್ರಿಗಿಂತ ಹೆಚ್ಚು ಕಾದ ಜಾಗದಲ್ಲಿ ಇಂಥ ಬ್ಯಾಟರಿಯನ್ನು ತುಂಬಿಸಲಾಗದಂತೆ. ವೈಶಾಖದಲ್ಲಿ ಹೊರಗಿನ ನೆರಳೇ 42ಕ್ಕೆ ಏರುವ ನಮ್ಮ ಸೀಮೆಯಲ್ಲಿ ತಗಡಿನ ಮಾಡಿನ ಕೋಣೆಯ ಗತಿಯೇನು? ಆದಕಾರಣ ಬ್ರಾಹ್ಮೀ ಮುಹೂರ್ತವೇ ನಿಶ್ಚಯವಾಯಿತು. ನಿದ್ರಿಸುವವರ ನಡುವೆ ಅದನ್ನು ಒಂಟಿಯಾಗಿ ಬಿಡಬಾರದೆಂಬ ಮತ್ತೊಂದು ವಿಧಿಯಿರುವುದರಿಂದ, ಹುಡುಗನು ಪ್ಲಗ್ಗು ಚುಚ್ಚಿ ಮತ್ತೆ ಮಲಗುವನು, ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವೆನು.

ಇಷ್ಟೆಲ್ಲ ತಪಸ್ಸಿನ ಉದ್ದೇಶ, ಅಫಜಲಪುರದ ಬಳಿ ಭೀಮಾತೀರದಲ್ಲಿರುವ ನಮ್ಮ ಮಾವನವರ ಹೊಲದಲ್ಲಿ ಹಾಲುಗಾಳಿಗೆ ಬಂದ ಬಿಳಿಜೋಳದಿಂದ ಹಕ್ಕಿಗಳನ್ನು ಬೆದರಿಸುವುದಂತೆ. ಗಿಳಿಗಳು ಬಂದೂಕಿನ ಸದ್ದನ್ನು ಆಲಿಸಿ, ಪಕ್ಕದ ತೆನೆಗೆ ಸರಿದು ಕುಳಿತವು. ಮಾವನವರು ಮಂಚಿಕೆಯ ಮೇಲಿನಿಂದ ಒಮ್ಮೆ ಕವಣೆ ಬೀಸಿದರು, ಹೊಲ ಖಾಲಿಯಾಯಿತು. "ಇದಕ್ಕ ಕರೆಂಟ್ ಬೇಕಾಗಂಗಿಲ್ಲ ನೋಡ್ರಿ" ಎಂಬುದಷ್ಟೇ ಅವರ ವ್ಯಾಖ್ಯಾನ.

ಜೇವರ್ಗಿಯಲ್ಲಿ ಸಮಸ್ಯೆ ಜಟಿಲವಾದದ್ದು. ಲಿಥಿಯಮ್ ಬ್ಯಾಟರಿಯ ಜನಕರಿಗೆ ನೊಬೆಲ್ ಬಂದ 2019ರಲ್ಲಿಯೇ ನಮ್ಮ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದರಿಂದ, ತೊಗರಿ ಬೆಳೆವ ಭಾವನವರು ವಿಜ್ಞಾನದಲ್ಲಿ ತಾವೇನೂ ಹಿಂದಿಲ್ಲವೆಂದು ಭಾವಿಸುವವರು. ಅವರಲ್ಲಿ ಬೆಳೆಗೆ ಎಣ್ಣಿ, ಎಂದರೆ ಕೀಟನಾಶಕ, ಹೊಡೆಯುವ ಬ್ಯಾಟರಿ ಪಂಪೊಂದಿದೆ. ಅದರದು 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಕಂಡುಹಿಡಿದ ಪ್ರಾಚೀನ ಕುಲ. ಕೆಲಸವಿಲ್ಲದಿರುವಾಗ ಲಿಥಿಯಮ್ಮನ್ನು ಅರೆಹೊಟ್ಟೆಯಲ್ಲಿ, ಕೋಶಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ, ಇಡಬೇಕು. ಸೀಸದ್ದನ್ನು ತುಂಬಿಯೇ ಇಡಬೇಕು, ಬರಿದಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಅದು ಮೇಲೇಳದು. ಭಾವನವರು ಎರಡನ್ನೂ ಸಮದೃಷ್ಟಿಯಿಂದ ಕಾಣುವವರಾದುದರಿಂದ, ರಜೆಗೆ ಬಂದ ಮಗನು ಸ್ನಾನಕ್ಕೆ ಹೋದ ಸಮಯದಲ್ಲಿ ಬಂದೂಕಿನ ಬ್ಯಾಟರಿಯ ತಂತಿಗಳನ್ನು ಪಂಪಿನ ಚಾರ್ಜರಿಗೆ ಸೇರಿಸಲು ಉದ್ಯುಕ್ತರಾದರು. 8.4 ವೋಲ್ಟಿಗೆ ತೃಪ್ತವಾಗುವುದಕ್ಕೆ 13 ವೋಲ್ಟು ಮೀರಿದ ನೈವೇದ್ಯ! ಮಗನು ಒದ್ದೆ ಮೈಯಲ್ಲಿ ಓಡಿಬಂದು ಕಸಿದುಕೊಂಡನು.

"ಎರಡೂ ಬ್ಯಾಟರೀನ ಅಲ್ಲೇನು?" ಎಂದು ಭಾವನವರು ಗುಡುಗಿದರು.

ಅಕ್ಕ ಏನನ್ನೂ ಆಡದೆ ಪಂಪಿನ ಚಾರ್ಜರನ್ನು ಸಂದೂಕಿನಲ್ಲಿಟ್ಟು ಬೀಗ ಹಾಕಿದಳು. ಈಗ ತೊಗರಿಗೆ ಕೀಡಿ ಬಿದ್ದಾಗಲೆಲ್ಲ ಭಾವನವರು ಆಕೆಯಲ್ಲಿ ಮೌಖಿಕ ಅರ್ಜಿ ಸಲ್ಲಿಸಿ, ಯಾವ ಬ್ಯಾಟರಿಗೆಂದು ವಿವರಿಸಿ, ಮಗನ ಒಪ್ಪಿಗೆಯನ್ನೂ ಪಡೆದ ನಂತರವೇ ಚಾರ್ಜರು ಹೊರಕ್ಕೆ ಬರುತ್ತದೆ.