ಯಾರಿಗೂ ಹೇಳ್ಬೇಡಿ

ಬೆಳಿಗ್ಗೆ ಆರೂಕಾಲಿಗೆ ನಂದಿನಿ ಬೂತಿನ ಮುಂದೆ ರಾಯರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಆಚೆ ನೋಡಿದರು, ಈಚೆ ನೋಡಿದರು. ಹೊಂಗೆ ಮರದ ಬುಡದಲ್ಲಿ ಮಲಗಿದ್ದ ಬೀದಿನಾಯಿಗೂ ಬೆನ್ನು ತಿರುಗಿಸಿ ನಿಂತು, "ಯಾರಿಗೂ ಹೇಳ್ಬೇಡಿ" ಎಂದರು. "ಎರಡು ಕನ್ನಡಿ. ನಡುವೆ 90 ಡಿಗ್ರಿ. ಪಿಯಾನೋ ಹಿಂಜಸ್ಸು. ಅಷ್ಟೇ." ಹಾಗೆಂದವರೇ ಹಾಲಿನ ಪ್ಯಾಕೆಟ್ಟನ್ನು ಪಂಚೆಯ ಮಡಿಕೆಯಲ್ಲಿ ಮರೆಮಾಡಿಕೊಂಡು ಹೊರಟರು. ಹಾಲಿನ ಪ್ಯಾಕೆಟ್ಟನ್ನು ಮರೆಮಾಡುವ ಅಗತ್ಯವೇನೂ ಇರಲಿಲ್ಲ. ಅಭ್ಯಾಸ.

ನಾನು ಚಿಲ್ಲರೆ ಎಣಿಸುತ್ತಿರುವಾಗ ಬೂತಿನ ಹುಡುಗ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದ: "ಏನ್ಸಾರ್, ನಿಮಗೂ ಹೇಳಿದ್ರಾ, ಆ ಕನ್ನಡಿ ವಿಷ್ಯ?"

ಇಂಥ ರಾಯರು ಜಯನಗರದಲ್ಲಿ ಕ್ರಾಸಿಗೊಬ್ಬರು ಇರುತ್ತಾರೆ. ಒಬ್ಬರು ತಾರಸಿಯಲ್ಲಿ ದೂರದರ್ಶಕ ಕಟ್ಟುತ್ತಿರುತ್ತಾರೆ, ಇನ್ನೊಬ್ಬರು ಹಳೇ ಗ್ರಾಮಾಫೋನಿಗೆ ಮರುಜನ್ಮ ಕೊಡುತ್ತಿರುತ್ತಾರೆ. ಗುರುತು ಹಿಡಿಯುವುದು ಸುಲಭ. ಮನೆಯ ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಕಾರು ಶೆಡ್ಡಿನಿಂದ ಗರಗಸದ ಸದ್ದು ಬರುತ್ತಿರುತ್ತದೆ. ನಮ್ಮ ರಾಯರದು ಮ್ಯಾಜಿಕ್ಕು.

ಎಚ್‌ಎಂಟಿಯ ಟೂಲ್ ರೂಮಿನಲ್ಲಿ 30 ವರ್ಷ ಸವೆಸಿದ ಜೀವ ಅದು. ಕೂದಲೆಳೆಯಷ್ಟು ಅನ್ನುವುದು ನಿಮಗೂ ನನಗೂ ಮಾತಿನ ಅಲಂಕಾರ. ಅವರಿಗೆ ಅದು ದಪ್ಪ ಅಳತೆ. 0.02 ಮಿಲಿಮೀಟರಿನವರೆಗೆ ಹೇಳುವ ವರ್ನಿಯರ್ ಕ್ಯಾಲಿಪರನ್ನು ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಒಮ್ಮೆ ಅವರ ಮನೆಯಲ್ಲಿ ಕೋಡುಬಳೆ ಕೊಟ್ಟಾಗ, ಎರಡರ ದಪ್ಪ ಹೊಂದುತ್ತಿಲ್ಲ ಎಂದು ಅಳೆದು ತೋರಿಸಿದ್ದರು. ಅವರ ಶ್ರೀಮತಿಯವರು, "ಹಲ್ಲಿಗೆ ಅಷ್ಟು ಲೆಕ್ಕ ಬರಲ್ಲ, ತಿನ್ನಿ" ಎಂದು ತಟ್ಟೆ ನನ್ನ ಕಡೆ ಸರಿಸಿದ್ದರು.

ರಾಯರಿಗೆ ಮ್ಯಾಜಿಕ್ ಹತ್ತಿದ ಕತೆಗೆ ಐವತ್ತು ವರ್ಷದ ಹತ್ತಿರ ವಯಸ್ಸು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರಲ್ಲ, ಆಗಿನ ಮಾತು. ಗಾಳಿಯಲ್ಲಿ ಕೈಯಾಡಿಸಿ ವಿಭೂತಿ, ಉಂಗುರ ತರಿಸುವವರು ಒಂದು ಕುಂಬಳಕಾಯಿ ತರಿಸಲಿ ನೋಡೋಣ ಎಂಬುದು ಎಚ್ಚೆನ್ ಸವಾಲು. ಉಂಗುರ ತೋಳಿನೊಳಗೆ ಅಡಗೀತು, ಕುಂಬಳಕಾಯಿ ಅಡಗಬೇಕಾದರೆ ಎಂಥ ತೋಳಿನ ಅಂಗಿ ಹೊಲಿಸಬೇಕು? ರಾಯರು ಆಗ ಜಯನಗರದ ನ್ಯಾಷನಲ್ ಕಾಲೇಜಿನಲ್ಲಿ ಪಿಯುಸಿ. ಆ ಸವಾಲನ್ನು ಊರೆಲ್ಲ ವಿಚಾರವಾದ ಎಂದು ಓದಿಕೊಂಡಿತು. ರಾಯರೊಬ್ಬರು ಮಾತ್ರ ಅದನ್ನು ಆರ್ಡರ್ ಎಂದು ಓದಿಕೊಂಡರು.

ನೌಕರಿ, ಮದುವೆ, ಮಗಳ ಕಾಲೇಜು, ಸೈಟಿನ ಸಾಲ ಎಂದು ಆರ್ಡರು ಬಾಕಿ ಬಿದ್ದಿತ್ತು. ನಿವೃತ್ತರಾದ ಮಾರನೆಯ ದಿನವೇ ಶೆಡ್ಡಿನಿಂದ ಕಾರು ಹೊರಬಿತ್ತು. "ಪವಾಡ ಅಂತ ಮಾತ್ರ ಅನ್ಬೇಡಿ ಇವ್ರೇ. ಎಚ್ಚೆನ್ ಮೇಲಿಂದ ಬೈತಾರೆ. ಇದು ಬಡಗಿ ಕೆಲಸ" ಎನ್ನುತ್ತಾರೆ ರಾಯರು.

ಕೆಲಸವೇನೋ ನಿಜಕ್ಕೂ ಸೊಗಸು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ. ಒಳಗೆಲ್ಲ ಚಿಕ್ಕಪೇಟೆಯಿಂದ ತಂದ ಒಂದೇ ಬಣ್ಣದ ಕಡು ಮೆರೂನ್ ಮಕಮಲ್ಲು. ನಟ್ಟನಡುವೆ ಒಂದು ತೆಳು ಕಂಬ. ನೋಡಿದವರಿಗೆ ಛಾವಣಿಗೆ ಆಸರೆ, ರಾಯರಿಗೆ ಅದೇ ಪ್ರಾಣ. ಹಿಂದಿನ ಎರಡು ಮೂಲೆಗಳಿಂದ ಎರಡು ಕನ್ನಡಿಗಳು ಬಾಗಿಲಿನಂತೆ ತೆರೆದು ಬಂದು ಆ ಕಂಬದ ಬೆನ್ನಿಗೆ ಕೂಡುತ್ತವೆ. ಒಂದೊಂದೂ ಪಕ್ಕದ ಗೋಡೆಗೆ 45 ಡಿಗ್ರಿ. ಮುಂದೆ ಕೂತವರು ಹಿಂದಿನ ಗೋಡೆ ಎಂದು ನೋಡುವುದು ಪಕ್ಕದ ಗೋಡೆಗಳ ಪ್ರತಿಬಿಂಬವನ್ನು. ಕನ್ನಡಿಗಳ ಹಿಂದಿನ ಮುಕ್ಕೋನದಲ್ಲಿ ಕಾಯಿ ಕಾಲು ಚಾಚಿಕೊಂಡು ಮಲಗಬಹುದು. ದಾರ ಎಳೆದರೆ ಕನ್ನಡಿಗಳು ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತವೆ. ಅವುಗಳ ಬೆನ್ನಿಗೂ ಅದೇ ಮಕಮಲ್ಲು. ಖಾಲಿ ಪೆಟ್ಟಿಗೆಯಲ್ಲಿ ಕಾಯಿ!

1865ರಲ್ಲಿ ಲಂಡನ್ನಿನ ಪೆಪ್ಪರ್ ಮತ್ತು ಟೋಬಿನ್ ಎಂಬಿಬ್ಬರು ಇದೇ ಉಪಾಯದಿಂದ ಮನುಷ್ಯರನ್ನೇ ಮಾಯ ಮಾಡಿದ್ದರು. ಅವರ ಪೆಟ್ಟಿಗೆಗೆ ಪ್ರೋಟಿಯಸ್ ಕ್ಯಾಬಿನೆಟ್ ಎಂದು ಹೆಸರು. "ಅವರದು ಮನುಷ್ಯ, ಬಗ್ಗು ಅಂದ್ರೆ ಬಗ್ತಾನೆ. ಕುಂಬಳಕಾಯಿ ಬಗ್ಗುತ್ತಾ?" ಎಂದು ರಾಯರು ಅವರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾರೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಗೊತ್ತಿಲ್ಲದವರು ಯಾರಿದ್ದಾರೆ ಎಂದು ನಾನು ಕೇಳುತ್ತೇನೆ. ರಾಯರ ಸಂಕಟವೇ ಅದು. ಚೆನ್ನಾಗಿ ಕೂತ ಕೀಲು ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಮ್ಯಾಜಿಕ್ ಕೆಟ್ಟಿತು. ಬೀಳದಿದ್ದರೆ ಕೀಲು ಕೂರಿಸಿದವನನ್ನು ಹೊಗಳುವವರು ಯಾರು? ಗಾರುಡಿಗನಿಗೆ ಜನ ಬಾಯಿ ಬಿಟ್ಟರೆ ಸಾಕು. ಬಡಗಿಗೆ ಹಾಗಲ್ಲ, ಅವನು ಮಾಡಿದ ಸಂದಿಯ ಮೇಲೆ ನಾಲ್ಕು ಜನ ಕೈಯಾಡಿಸಿ, "ಎಂಥಾ ಫಿಟ್ಟಿಂಗು!" ಅನ್ನಬೇಕು. ರಾಯರೊಳಗೆ ಇಬ್ಬರೂ ಒಂದೇ ಪಂಚೆ ಉಟ್ಟುಕೊಂಡು ಕೂತಿದ್ದಾರೆ. ಹಗಲೆಲ್ಲ ಗಾರುಡಿಗ ಗುಟ್ಟು ಕಾಯುತ್ತಾನೆ, ಸಂಜೆ ಬಡಗಿ ವಾಕಿಂಗಿಗೆ ಹೊರಟು ಎಲ್ಲವನ್ನೂ ಹೇಳಿ ಬರುತ್ತಾನೆ.

ಪೇಪರ್ ಹಾಕುವವನಿಗೆ ಹೇಳಿದರು. ಇಸ್ತ್ರಿ ಗಾಡಿಯವನಿಗೆ ಹೇಳಿದರು. ಬಿ.ಪಿ. ನೋಡುತ್ತಿದ್ದ ಡಾಕ್ಟರಿಗೆ, ಮೀಟರ್ ಓದಲು ಬಂದವನಿಗೆ, ಲಕ್ಷ್ಮಣರಾವ್ ಪಾರ್ಕಿನ ಬೆಂಚಿನಲ್ಲಿ ಪಕ್ಕ ಕೂತ ಯಾರಿಗೋ ಹೇಳಿದರು. ಹೇಳಿದ ಮೇಲೆ ಪ್ರತಿಯೊಬ್ಬರಿಂದಲೂ ಆಣೆ. ನನ್ನನ್ನಂತೂ ಐದನೇ ಬ್ಲಾಕಿನ ರಾಯರ ಮಠದ ದಿಕ್ಕಿಗೆ ನಿಲ್ಲಿಸಿ, ರಾಯರು ರಾಯರ ಮೇಲೆಯೇ ಆಣೆ ಹಾಕಿಸಿಕೊಂಡರು.

ಗುಟ್ಟು ಊರಿಗೆ ಹಬ್ಬಿದ ಹಾಗೆ ಕಾಯಿ ಅಡುಗೆಮನೆಗೆ ಹಬ್ಬಿತು. ಸಿಹಿಗುಂಬಳ ಆಗದೇ ಎಂದು ನಾನು ಕೇಳಿದ್ದೆ. "ಮೆರೂನ್ ಮೇಲೆ ಅದು ಎದ್ದು ಕಾಣಲ್ಲ. ಬೂದುಗುಂಬಳ ಇಡಿ, ಹುಣ್ಣಿಮೆ ಚಂದ್ರ!" ಎಂದರು. ಮೊದಲ ಕಾಯಿ ದಪ್ಪವಾಗಿ ಕನ್ನಡಿ ಮುಚ್ಚಲಿಲ್ಲ. ಎರಡನೆಯದು ಸಣ್ಣದಾಗಿ ಉರುಳಿತು. ಮೂರನೆಯದು ತೊಟ್ಟು ಸಿಕ್ಕಿಕೊಂಡು ದಾರ ಹರಿಯಿತು. ಹೀಗೆ ಅನುತ್ತೀರ್ಣವಾದ ಕಾಯಿಗಳೆಲ್ಲ ಶೆಡ್ಡಿನಿಂದ ಒಲೆಗೆ ಹೋದವು. ಮಜ್ಜಿಗೆ ಹುಳಿ, ಕೂಟು, ಪಲ್ಯ, ಕಾಶಿ ಹಲ್ವ, ತಾರಸಿಯ ತುಂಬ ಸಂಡಿಗೆ. ನಮ್ಮ ಮನೆಗೂ ದಿನ ಬಿಟ್ಟು ದಿನ ಡಬ್ಬಿ ಬಂತು. ಹದಿನೈದನೆಯ ದಿನ ಶ್ರೀಮತಿಯವರು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರಂತೆ: "ರೀ, ನಿಮ್ಮ ಪೆಟ್ಟಿಗೆಯಿಂದ ಒಂದು ದಿನ ಬದನೆಕಾಯಿ ಬರಬಾರದಾ?"

ಅಷ್ಟರಲ್ಲಿ ಆಯುಧಪೂಜೆ ಬಂತು. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಸುತ್ತ ಬೂದುಗುಂಬಳದ ಗುಡ್ಡೆ ಬಿತ್ತು, ಬೆಲೆ ಏರಿತು. ಸ್ಕೂಟರು, ಆಟೋ, ಲಾರಿಗಳ ಮುಂದೆಲ್ಲ ಕುಂಕುಮ ಮೆತ್ತಿದ ಹೋಳು. ಊರಿಗೆ ಊರೇ ಕಾಯಿ ಒಡೆಯುತ್ತಿದ್ದಾಗ ರಾಯರೊಬ್ಬರು ಕಾಯಿ ಕಾಯುತ್ತಿದ್ದರು. ಅಳತೆಗೆ ಸರಿಹೊಂದಿದ ಒಂದೇ ಒಂದು ಕಾಯಿ ಸಿಕ್ಕಿತ್ತು. ಅದನ್ನು ದೇವರ ಮನೆಯಲ್ಲಿ ಇಡಲು ಹೋದರು. ಪೂಜೆಯಾದ ಮೇಲೆ ಅಳಿಯ ಮರೆತು ಕಾರಿನ ಮುಂದೆ ಒಡೆದುಬಿಟ್ಟಾನೆಂದು ಹೆದರಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟು ಬೀಗ ಹಾಕಿದರು.

ನವೆಂಬರ್ 1. ಕ್ರಾಸಿಗೆ ಅಡ್ಡಲಾಗಿ ಶಾಮಿಯಾನ, ಹಳದಿ ಕೆಂಪು ಬಾವುಟ. ನಾಡಗೀತೆ, ಭಾಷಣ, ಮಕ್ಕಳ ವೇಷ, ಕ್ಯಾರಿಯೋಕೆ, ಆಮೇಲೆ ರಾಯರು, ಆಮೇಲೆ ಬಿಸಿಬೇಳೆಬಾತು. ಊಟಕ್ಕೆ ಮುಂಚಿನ ಜಾಗವನ್ನು ರಾಯರು ಹಟ ಹಿಡಿದು ಪಡೆದಿದ್ದರು. ಅದಕ್ಕೂ ಪುರಾವೆ ಇತ್ತು. ಜಾದೂಗಾರ ಪಿ.ಸಿ. ಸರ್ಕಾರ್ 1956ರ ಏಪ್ರಿಲ್ 9ರಂದು ಬಿಬಿಸಿಯಲ್ಲಿ ಗರಗಸದಿಂದ ಹುಡುಗಿಯನ್ನು ಕತ್ತರಿಸಿದ್ದರು. ಅವಳು ಏಳುವ ಮೊದಲೇ ಕಾರ್ಯಕ್ರಮ ಮುಗಿದು, ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ಜನ ಫೋನ್ ಮೇಲೆ ಫೋನ್ ಮಾಡಿದ್ದರು. "ಕೊನೆಗೆ ಬಂದೋನು ನೆನಪಲ್ಲಿ ಉಳೀತಾನೆ" ಎಂಬುದು ರಾಯರು ಅದರಿಂದ ಕಲಿತ ನೀತಿ. ಸಂಘದ ಕಾರ್ಯದರ್ಶಿಗೆ ಇದ್ದ ಚಿಂತೆ, ಬಾತು ಆರಿಹೋಗುತ್ತದೆ ಎಂಬುದೊಂದೇ.

ಕಾಯಿಯನ್ನು ವೇದಿಕೆಗೆ ಸಾಗಿಸಲು ರಾಯರು ಯಾರನ್ನೂ ನಂಬಲಿಲ್ಲ. ಮಗಳ ಮದುವೆಯಲ್ಲಿ ತೊಟ್ಟಿದ್ದ ಕರಿ ಕೋಟು ಹಾಕಿ, ಸರ್ಕಾರ್ ಹಾಗೆ ಪೇಟ ಸುತ್ತಿ, ಕಾಯಿಯನ್ನು ಹೆಗಲ ಮೇಲಿಟ್ಟುಕೊಂಡು ಹಿತ್ತಲ ಓಣಿಯಲ್ಲಿ ಕತ್ತಲಲ್ಲೇ ನಡೆದು, ಪೆಟ್ಟಿಗೆಯೊಳಗೆ ಮಲಗಿಸಿದರು.

ಪರದೆ ಸರಿಯಿತು. ರಾಯರು ಪೆಟ್ಟಿಗೆಯ ಬಾಗಿಲು ತೆರೆದರು. ಖಾಲಿ. ಸತ್ಯವಾಗಿ ಹೇಳುತ್ತೇನೆ, ಗುಟ್ಟು ಗೊತ್ತಿದ್ದ ನನಗೂ ಅದು ಖಾಲಿಯೇ ಕಂಡಿತು. ಆದರೆ ಸಭೆಯ ಕಣ್ಣುಗಳೆಲ್ಲ ನೆಟ್ಟಿದ್ದು ನಡುಗಂಬದ ಮೇಲೆ. "ಅದೇ ಕಂಬ" ಎಂದು ಒಬ್ಬರು, "ಹಿಂಜಸ್ಸು ಮೂಲೇಲಿದೆ" ಎಂದು ಇನ್ನೊಬ್ಬರು, "ಶ್, ಆಣೆ ಮಾಡಿದ್ದೀವಿ" ಎಂದು ಮತ್ತೊಬ್ಬರು. ಯಾತ್ರೆಗೆ ಹೋದವರು ಗೈಡ್ ಹೇಳಿದ ಕಂಬವನ್ನೇ ಹುಡುಕುವ ಹಾಗೆ.

ರಾಯರು ಮಾತು ಶುರು ಮಾಡಿದರು. "ಪೆಟ್ಟಿಗೆಯಲ್ಲಿ ಕಾಯಿ ಇಲ್ಲ. ನನ್ನ ತೋಳಿನಲ್ಲಿ ಇದೆಯೇ? ಇಲ್ಲ! ಪೇಟದಲ್ಲಿ? ಇಲ್ಲ! ಹಾಗಾದರೆ ಕುಂಬಳಕಾಯಿ ಕದ್ದವರು ಯಾರು?"

ಕೊನೆಯ ಸಾಲಿನಲ್ಲಿ ಇಸ್ತ್ರಿಯವನು ನಿಂತಿದ್ದ. ಅದೇ ಮಧ್ಯಾಹ್ನ ಆ ಕರಿ ಕೋಟಿಗೆ ಒದ್ದೆ ಬಟ್ಟೆ ಹಾಸಿ, ಗೆರೆ ಎದ್ದು ನಿಲ್ಲುವ ಹಾಗೆ ಇಸ್ತ್ರಿ ಹೊಡೆದವನು. ತನ್ನ ಕೆಲಸ ಹಾಳಾದದ್ದು ಅವನಿಂದ ನೋಡಲಾಗಲಿಲ್ಲ. "ಸಾರ್! ಹೆಗಲು!" ಎಂದು ಕೂಗಿಬಿಟ್ಟ.

ರಾಯರ ಕೈ ತಾನಾಗಿ ಹೆಗಲಿಗೆ ಹೋಯಿತು. ಒರೆಸಿತು. ದೀಪದ ಬೆಳಕಿನಲ್ಲಿ ಬಿಳೀ ಬೂದಿ ಹೊಗೆಯಂತೆ ಎದ್ದಿತು.

ಒಂದು ಗಳಿಗೆ ಶಾಮಿಯಾನವೇ ಉಸಿರು ಹಿಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿದ್ದೆವು. ಕಣ್ಣಾರೆ ಕಂಡದ್ದು ಅವತ್ತೇ. ಮೊದಲು ಮುಂದಿನ ಸಾಲಿನ ಅಜ್ಜಿಯೊಬ್ಬರು ನಕ್ಕರು, ಆಮೇಲೆ ಇಡೀ ಕ್ರಾಸು. ಅಡುಗೆಯವರು ಸೌಟು ಹಿಡಿದು ಓಡಿ ಬಂದರು. ನಗುವಿನ ನಡುವೆಯೇ ರಾಯರು ದಾರ ಎಳೆದರು. ಕನ್ನಡಿ ಸರಿಯಿತು, ಹುಣ್ಣಿಮೆ ಚಂದ್ರ ಮೂಡಿತು. ಚಪ್ಪಾಳೆ ನಿಲ್ಲಲೇ ಇಲ್ಲ.

"ಗಾದೆಯನ್ನು ಮ್ಯಾಜಿಕ್ಕಿಗೆ ಸೇರಿಸಿದಿರಲ್ಲ ರಾಯರೇ, ಅಲ್ಲಿದೆ ನಿಮ್ಮ ಬುದ್ಧಿ!" ಎಂದರು ಕಾರ್ಯದರ್ಶಿ. ಡಾಕ್ಟರು ಕೈ ಕುಲುಕಿದರು. ಎಲ್ಲರೂ ಬೂದಿಯನ್ನು ಹೊಗಳಿದರು. ಕೀಲಿನ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ರಾಯರು ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಪೆಟ್ಟಿಗೆಯ ಪಕ್ಕ ಕೂತಿದ್ದರು. ಬಾತು ತಿನ್ನಲೂ ಬರಲಿಲ್ಲ.

ನಾನು ತಟ್ಟೆ ಹಿಡಿದು ವೇದಿಕೆಯ ಹಿಂದೆ ಹೋದಾಗ ಅಲ್ಲಿ ಓಬವ್ವನ ವೇಷದ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಯಾರದೋ ಮೊಮ್ಮಗಳು, ಹಿಂದಿನ ರಾತ್ರಿ ಊರಿಂದ ಬಂದವಳು. ಅಂದರೆ ಇಡೀ ಜಯನಗರದಲ್ಲಿ ಗುಟ್ಟು ತಿಳಿಯದ ಒಂದೇ ಜೀವ. ಒನಕೆಯನ್ನು ಗೋಡೆಗೆ ಒರಗಿಸಿ, ಪೆಟ್ಟಿಗೆಯೊಳಗೆ ತಲೆ ಹಾಕಿ ಕೇಳಿದಳು: "ತಾತಾ, ಕಾಯಿ ಎಲ್ಲಿಂದ ಬಂತು?"

ರಾಯರು ಆಚೆ ನೋಡಿದರು, ಈಚೆ ನೋಡಿದರು. "ಯಾರಿಗೂ ಹೇಳ್ಬೇಡ ಪುಟ್ಟಿ" ಎಂದು ಕನ್ನಡಿಯನ್ನು ಒಮ್ಮೆ ಮುಚ್ಚಿದರು, ಒಮ್ಮೆ ತೆರೆದರು. ಹುಡುಗಿ ತಾನೂ ಮುಚ್ಚಿದಳು, ತೆರೆದಳು. ಕಿವಿಯನ್ನು ಕೀಲಿಗೆ ಹಚ್ಚಿ ಮತ್ತೊಮ್ಮೆ ಮುಚ್ಚಿದಳು.

"ಸದ್ದೇ ಬರಲ್ವಲ್ಲ ತಾತಾ!"

ರಾಯರು ದಿಗ್ಗನೆ ಎದ್ದು ನಿಂತರು. "ಏನೇ, ಕೇಳಿಸ್ತಾ? ಸದ್ದೇ ಬರಲ್ವಂತೆ!" ಎಂದು ಮೆಟ್ಟಿಲ ಕಡೆ ತಿರುಗಿ ಕೂಗಿದರು.

ಶ್ರೀಮತಿಯವರು ಬಟ್ಟೆಯ ಚೀಲ ಬಿಡಿಸಿಕೊಂಡು ಆಗಲೇ ಮೇಲೆ ಬರುತ್ತಿದ್ದರು. "ಕೇಳಿಸ್ತು. ಆ ಕಾಯಿ ಈಚೆ ಕೊಡಿ, ನಾಳೆ ಮಜ್ಜಿಗೆ ಹುಳಿಗಾಗುತ್ತೆ."