ಮುಕ್ಕಾಲಿ ಕೇಳಿದ ದೈತ್ಯ: ಬಿಗ್‌ಫುಟ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಕಥೆಯ ಪಾತ್ರಗಳೇ ಚಿತ್ರೀಕರಿಸಿ, ಅವು ಸತ್ತ ಅಥವಾ ಕಾಣೆಯಾದ ಮೇಲೆ ಯಾರ ಕೈಗೋ ಸಿಕ್ಕಿತೆಂಬ ಸೋಗು ಹಾಕಿಕೊಂಡು ತೆರೆಗೆ ಬರುವ ಸಿನಿಮಾ ಪ್ರಕಾರಕ್ಕೆ ಫೌಂಡ್ ಫುಟೇಜ್ ಎಂಬ ಹೆಸರಿದೆ. ಈ ಪ್ರಕಾರವನ್ನು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮೂಲಕ ಮನೆಮಾತಾಗಿಸಿದ ಇಬ್ಬರು ನಿರ್ದೇಶಕರಲ್ಲೊಬ್ಬರಾದ ಎಡ್ವಾರ್ಡೊ ಸಾಂಚೆಜ್, 2014ರ ‘ಎಕ್ಸಿಸ್ಟ್ಸ್’ ಚಿತ್ರದಲ್ಲಿ ಬಿಗ್‌ಫುಟ್ಟನ್ನು, ಅಂದರೆ ಉತ್ತರ ಅಮೆರಿಕದ ಕಾಡುಗಳಲ್ಲಿ ಎರಡು ಕಾಲಿನ ಮೇಲೆ ಓಡಾಡುತ್ತದೆಂದು ಹೇಳಲಾಗುವ, ಮೈತುಂಬ ರೋಮವಿರುವ ದಂತಕಥೆಯ ಜೀವಿಯನ್ನು, ಪೂರ್ವ ಟೆಕ್ಸಾಸಿನ ಕಾಡಿಗೆ ತಂದು ನಿಲ್ಲಿಸಿದರು. ನಿಂತದ್ದು ಜೀವಿ ಮಾತ್ರ. ಕ್ಯಾಮೆರಾ ಚಿತ್ರ ಮುಗಿಯುವವರೆಗೂ ಎಲ್ಲಿಯೂ ನಿಲ್ಲಲಿಲ್ಲ.

ಈ ಕುರಿತು ಅಭಿಪ್ರಾಯ ಕೇಳಲು ಹೋದ ಅಂಕಣಕಾರರಿಗೆ ಜೀವಿಯು ವಿಧಿಸಿದ ಷರತ್ತು ಒಂದೇ: ಮುಕ್ಕಾಲಿಯಿಲ್ಲದೆ ಮಾತಿಲ್ಲ. ಚಿತ್ರದಲ್ಲಿ ತನ್ನನ್ನು ಕೊಲೆಗಡುಕನೆಂದು ತೋರಿಸಿರುವುದಾಗಲಿ, ಹದಿಹರೆಯ ದಾಟಿಯೂ ಬುದ್ಧಿ ಬಾರದ ಗೆಳೆಯರ ಗುಂಪೊಂದನ್ನು ಅಟ್ಟಿಸಿಕೊಂಡು ಹೋಗುವ ಕೂಲಿಕೆಲಸಕ್ಕೆ ಹಚ್ಚಿರುವುದಾಗಲಿ ಅದಕ್ಕೆ ಬೇಸರ ತಂದಂತೆ ಕಾಣಲಿಲ್ಲ. ಅದರ ದೂರೆಲ್ಲ ಅಲುಗಾಟದ ಮೇಲೆಯೇ ಇತ್ತು. 1967ರ ಅಕ್ಟೋಬರ್ 20ರಂದು ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬ ಹೊಳೆಯ ದಂಡೆಯಲ್ಲಿ ರೋಜರ್ ಪ್ಯಾಟರ್ಸನ್ ಎಂಬವರು, ಬೆದರಿದ ಕುದುರೆಯಿಂದಿಳಿದು ಏಳುತ್ತ ಬೀಳುತ್ತ ಓಡಿ, 16 ಮಿಲಿಮೀಟರಿನ ರೀಲಿನಲ್ಲಿ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ದೃಶ್ಯವನ್ನು ಹಿಡಿದರೆಂದೂ, ಅದರ 352ನೆಯ ಚೌಕಟ್ಟಿನಲ್ಲಿ ಆಕೃತಿ ಬಲಕ್ಕೆ ಹೊರಳಿ ಹಿಂದೆ ನೋಡುವ ಭಂಗಿ ಇಂದಿಗೂ ಅಂಗಿಗಳ ಮೇಲೆ ಅಚ್ಚಾಗುವಷ್ಟು ಸ್ಪಷ್ಟವಾಗಿದೆಯೆಂದೂ ಜೀವಿಯು ಅಭಿಮಾನದಿಂದ ವಿವರಿಸಿತು. ಆ ಆಕೃತಿ ವೇಷ ತೊಟ್ಟ ಮನುಷ್ಯನೆಂಬ ವಾದವನ್ನು ಎತ್ತಿದಾಗ ಅದು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ವೇಷವೋ ಚರ್ಮವೋ, ಕಣ್ಣಿಗಾದರೂ ಬಿದ್ದಿತಲ್ಲ ಎಂದಷ್ಟೇ ಹೇಳಿತು. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಸಾಧ್ಯವಾದದ್ದು, ತಲೆಗೊಂದು ಬೈಸಿಕಲ್ಲಿಗೊಂದು ಪುಟಾಣಿ ಕ್ಯಾಮೆರಾ ಕಟ್ಟಿಕೊಂಡ 2014ರ ಯುವಕರಿಗೆ ಏಕೆ ಸಾಧ್ಯವಾಗಲಿಲ್ಲ, ಬಹುಹೊತ್ತು ತನ್ನ ಒಂದು ಭುಜ ಮತ್ತು ಹಿಡಿ ರೋಮಕ್ಕೆ ಪ್ರೇಕ್ಷಕರು ಏಕೆ ತೃಪ್ತರಾಗಬೇಕು ಎಂಬುದು ಅದರ ಪ್ರಶ್ನೆ.

ಇಲ್ಲಿ ಅಂಕಣಕಾರರು ತಮ್ಮ ಹಳೆಯ ಗೀಳನ್ನು ತಡೆಯಲಾರದೆ, ಜೀವಿಯನ್ನು ಬದಿಗಿಟ್ಟು, ಸಂಕಲನಕಾರರು ಯಾರೆಂಬ ಚರ್ಚೆಗೆ ಇಳಿದರು. ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಕತ್ತರಿಸಿ, ಓಟದ ನಡುವೆ ಸರಿಯಾದ ಕ್ಷಣಕ್ಕೆ ಒಂದರಿಂದ ಇನ್ನೊಂದಕ್ಕೆ ಜಿಗಿಸಿದವರು ಯಾರು? ಸತ್ತವರೇ? ಪೊಲೀಸರೇ? 1980ರ ಇಟಾಲಿಯನ್ ಚಿತ್ರ ‘ಕ್ಯಾನಿಬಲ್ ಹೊಲೊಕಾಸ್ಟ್’ ಎಷ್ಟೇ ಅಸಹ್ಯವಾಗಿದ್ದರೂ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು, ಏಕೆಂದರೆ ಅದರಲ್ಲಿ ಮಾನವಶಾಸ್ತ್ರಜ್ಞನೊಬ್ಬ ರೀಲುಗಳನ್ನು ಕಾಡಿನಿಂದ ತಂದು, ಟೆಲಿವಿಷನ್ ಕಂಪನಿಯ ಅಧಿಕಾರಿಗಳೊಡನೆ ಕುಳಿತು ನೋಡುತ್ತಾನೆ ಎಂದು ಅವರು ದೀರ್ಘವಾಗಿ ವಾದಿಸಿದರು. ಚಾರಣಕ್ಕೆ ಹೋದವರ ಕ್ಯಾಮೆರಾದ ನೆಪದಲ್ಲಿ 2013ರಲ್ಲಿ ಬಂದ ಕನ್ನಡದ ‘6-5=2’ ಚಿತ್ರವನ್ನು ಕಂಡವರಿಗೂ ಈ ಅನುಮಾನ ಹೊಸದಲ್ಲ. ಜೀವಿಯು ಆಕಳಿಸಿ, ಪ್ರಶ್ನೆ ತನಗೆ ಸಂಬಂಧಿಸಿದ್ದೇ ಎಂದು ವಿಚಾರಿಸಿತು. ಅಲ್ಲವೆಂದು ಒಪ್ಪಿಕೊಂಡರೂ ಅಂಕಣಕಾರರು ಅದನ್ನು ಮತ್ತೆರಡು ಬಗೆಯಲ್ಲಿ ಕೇಳಿದರು.

ಬಳಿಕ ಮಾತು 1958ಕ್ಕೆ ಹೊರಳಿತು. ಆ ವರ್ಷ ಬ್ಲಫ್ ಕ್ರೀಕ್ ಬಳಿ ಬುಲ್ಡೋಜರ್ ಓಡಿಸುತ್ತಿದ್ದ ಜೆರ್ರಿ ಕ್ರೂ ಎಂಬವರು ತಮ್ಮ ಯಂತ್ರದ ಸುತ್ತ ಭಾರಿ ಹೆಜ್ಜೆಗುರುತುಗಳನ್ನು ಕಂಡು ಅಚ್ಚು ತೆಗೆದದ್ದು, ‘ಹಂಬೋಲ್ಟ್ ಟೈಮ್ಸ್’ ಪತ್ರಿಕೆ ಬಿಗ್‌ಫುಟ್ ಎಂಬ ಹೆಸರನ್ನು ಹಬ್ಬಿಸಿದ್ದು, ಅಲ್ಲಿನ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಅವು ಮರದಲ್ಲಿ ಕೆತ್ತಿದ ಪಾದಗಳ ಕಿತಾಪತಿಯೆಂದು ಮನೆಯವರು ಹೇಳಿದ್ದು, ಎಲ್ಲವೂ ಪ್ರಸಿದ್ಧವೇ. ಹೆಜ್ಜೆಗಳು ಸುಳ್ಳೇ ಎಂದು ಕೇಳುತ್ತಿದ್ದಂತೆ ಜೀವಿಯ ಧ್ವನಿ ಬದಲಾಯಿತು. ಬುಲ್ಡೋಜರ್ ಸುಳ್ಳೇ ಎಂದು ಅದು ಮರುಪ್ರಶ್ನೆ ಹಾಕಿತು. ಆ ಯಂತ್ರ ಅಲ್ಲಿ ದಾರಿ ಕಡಿಯುತ್ತಿದ್ದದ್ದು ಮರದ ದಿಮ್ಮಿಗಳನ್ನು ಹೊರಸಾಗಿಸಲು. ಇಡೀ ದೇಶ ಬಗ್ಗಿ ಕೆಸರಿನಲ್ಲಿದ್ದ ಹೆಜ್ಜೆಯ ಉದ್ದವನ್ನು ಅಳೆಯಿತು. ಅದರ ಪಕ್ಕದಲ್ಲೇ ಇದ್ದ ಚಕ್ರಪಟ್ಟಿಯ ಗುರುತನ್ನು ಅಳೆಯಲು ಯಾರೂ ಬರಲಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಒಮ್ಮೆ ಸುಮಾರು 20 ಲಕ್ಷ ಎಕರೆ ವ್ಯಾಪಿಸಿದ್ದ ಪುರಾತನ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು. ಪೂರ್ವ ಟೆಕ್ಸಾಸಿನ ಹಳೆಯ ಪೈನ್ ಕಾಡುಗಳನ್ನಂತೂ 1880ರಿಂದ 1930ರ ನಡುವೆ ಮರದ ಕಂಪನಿಗಳು ಹೆಚ್ಚುಕಡಿಮೆ ಬಳಿದು ಮುಗಿಸಿದ್ದವು. ಸಾಂಚೆಜ್ ಅವರ ಕಥೆ ಆರಂಭವಾಗುವುದೂ ರಸ್ತೆಯಲ್ಲೇ: ರಾತ್ರಿ ಗೆಳೆಯರ ಕಾರು ಏನನ್ನೋ ಗುದ್ದುತ್ತದೆ, ಗುದ್ದಿದ್ದು ಜೀವಿಯ ಮರಿಯನ್ನೆಂದು ಕೊನೆಗೆ ತಿಳಿಯುತ್ತದೆ. ಬದುಕುಳಿದ ಯುವಕನನ್ನು ಆ ಪುಟ್ಟ ಶವದೆದುರು ತಂದು ನಿಲ್ಲಿಸಿ, ಕೊಲ್ಲುವ ಶಕ್ತಿಯಿದ್ದೂ ಜೀವಿ ಬಿಟ್ಟುಬಿಡುವ ಆ ಒಂದು ಗಳಿಗೆಯಲ್ಲಿ ಇಡೀ ಚಿತ್ರವೇ ಅಡಗಿತ್ತು. ಅದಕ್ಕೆ ಒಂದೂವರೆ ಗಂಟೆಯಲ್ಲಿ ದೊರೆತದ್ದು ಕೆಲವೇ ನಿಮಿಷ. ಮಿಕ್ಕದ್ದೆಲ್ಲ ಕಿರುಚಾಟಕ್ಕೆ ಹೋಯಿತು. ಸತ್ತ ಮರಿಗೆ ಕಥೆ ತಿರುಗಿಸುವ ಕೀಲಿಯಷ್ಟೇ ಬೆಲೆ ಕಟ್ಟಿದ್ದನ್ನು ನಿರಾಶೆ ಎಂದು ಕರೆಯುವುದು ಔದಾರ್ಯವಾದೀತು. ಅದು ಕೈಯಾರೆ ಮಾಡಿದ ಲೋಪ.

ಇಷ್ಟಾದ ಮೇಲೆ, ಆ ಶವದ ದೃಶ್ಯವನ್ನು ಜೋಡಿಸಿದವರು ಯಾರಿರಬಹುದೆಂದು ಅಂಕಣಕಾರರು ಮೆಲ್ಲನೆ ವಿಚಾರಿಸಿದರು. ಜೀವಿಯು ಉತ್ತರ ಕೊಡದೆ ಮುಂದಿನ ಚಿತ್ರಕ್ಕೆ ತನ್ನ ಷರತ್ತುಗಳನ್ನು ಬರೆದುಕೊಳ್ಳಲು ಸೂಚಿಸಿತು: ಹಗಲು ಬೆಳಕು, 16 ಮಿಲಿಮೀಟರಿನ ರೀಲು, ಗಟ್ಟಿಯಾದ ಮುಕ್ಕಾಲಿ, ಮತ್ತು ಹೆಲ್ಮೆಟ್ ಧರಿಸಿದ ಯಾರಿಗೂ ಪ್ರವೇಶವಿಲ್ಲ. ಚಿತ್ರಕಥೆಯ ಬಗ್ಗೆ ಷರತ್ತೇನೂ ಇಲ್ಲವೇ ಎಂದು ಕೇಳಿದ್ದಕ್ಕೆ, ಅಂಥದೊಂದು ಇದೆಯೆಂಬುದಕ್ಕೆ ಇದುವರೆಗೆ ನಂಬಲರ್ಹವಾದ ಪುರಾವೆ ಸಿಕ್ಕಿಲ್ಲವೆಂದು ಅದು ತಿಳಿಸಿತು.