ಪುಕ್ಸಟ್ಟೆ ಹಲೋ

ನಿಮ್ಮ ಮಗ ಎಲ್ಲಿರೋದು ಅಂದ್ರಿ? ಸನ್ನಿವೇಲ್? ಎಡಿಸನ್? ಹೋಗ್ಲಿ, ಮಗ ಊರಲ್ಲೇ ತೋಟ ನೋಡ್ಕೊಂಡಿದ್ರೂ ಭಾವನ ಮಗಳಾದ್ರೂ ಡಲ್ಲಾಸಲ್ಲಿ ಇದ್ದೇ ಇರ್ತಾಳೆ. ಸಾಗರ, ತೀರ್ಥಹಳ್ಳಿ ಕಡೆ ಈಗ ಅಮೆರಿಕದ ನೆಂಟರಿಲ್ಲದ ಮನೆ ಹುಡುಕೋದೇ ಕಷ್ಟ ಮಾರಾಯ್ರೇ. ಸರಿ, ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳ್ಬೇಕು. ಕೊನೇ ಸಲ ಫೋನ್ ಮಾಡಿದ್ದು ಅವರಾ, ನೀವಾ?

(ನೋಡಿ, ಆಗ್ಲೇ ಕನ್ನಡಕ ಒರೆಸೋಕೆ ಶುರು ಮಾಡಿದ್ರಿ.)

"ಅವನೇ ಮಾಡ್ತಾನೆ ಬಿಡಿ, ಅವನಿಗೆ ಅಲ್ಲಿಂದ ಚೀಪು" ಅಂತೀರಿ. ಯಾವ ಕಾಲದ ಮಾತು ಇದು? ವಾಟ್ಸಾಪಿಗೆ ಅಲ್ಲಿ ಚೀಪು, ಇಲ್ಲಿ ದುಬಾರಿ ಅಂತ ಉಂಟಾ? ವೈಫೈಗೆ ತಿಂಗಳ ದುಡ್ಡು ಕಟ್ಟಿ ಆಗಿದೆ. ನೀವು ಒತ್ತಿದ್ರೂ ಅಷ್ಟೇ, ಅವನು ಒತ್ತಿದ್ರೂ ಅಷ್ಟೇ. ಆದ್ರೂ ನಿಮ್ಮ ಹೆಬ್ಬೆರಳು ಅಲ್ಲೀವರೆಗೆ ಹೋಗಿ ವಾಪಸ್ ಬರ್ತದೆ. ಯಾಕೆ ಅಂತ ನಂಗೊತ್ತು. ನಿಮ್ಮ ತಲೆಯೊಳಗೆ ಐಎಸ್‌ಡಿ ಬೂತಿನ ಮೀಟರ್ ಇನ್ನೂ ಓಡ್ತಾ ಇದೆ.

ಆ ಮೀಟರ್ ನೆನಪಿದೆಯಲ್ಲ? ಬಸ್ ಸ್ಟ್ಯಾಂಡ್ ಪಕ್ಕದ ಗಾಜಿನ ಗೂಡು, ಹಳದಿ ಬೋರ್ಡು, ಒಳಗೆ ಕೆಂಪು ಅಂಕಿ. ತೊಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಒಂದು ನಿಮಿಷ ಮಾತಾಡಿದ್ರೆ 50 ರೂಪಾಯಿಗೂ ಮೇಲೆ. ಹಾಗಾಗಿ ಚೀಟಿ ಬರ್ಕೊಂಡೇ ಹೋಗ್ತಿದ್ರಿ. ಒಂದು, ಅಜ್ಜಿಯ ಕಾಲು. ಎರಡು, ಅಡಿಕೆ ರೇಟು. ಮೂರು, ಹುಡುಗಿ ಜಾತಕ. ಮೂರು ನಿಮಿಷದಲ್ಲಿ ಮದುವೆ ನಿಶ್ಚಯ ಮಾಡಿ ಹೊರಗೆ ಬಂದ ಜನ ನೀವು!

ಗಾಜಿನ ಬಾಗಿಲು ಮುಚ್ಚಿದ್ದು ಹೆಸರಿಗೆ ಮಾತ್ರ. ಅಷ್ಟು ದೂರಕ್ಕೆ ಕೇಳ್ಬೇಕಲ್ಲ ಅಂತ ನೀವು ಕೂಗಿದ ಕೂಗಿಗೆ ಹೊರಗೆ ಕ್ಯೂ ನಿಂತವರಿಗೆಲ್ಲ ಜಾತಕದ ದೋಷ ಏನು ಅಂತ ಗೊತ್ತಾಗಿರ್ತಿತ್ತು. (ಬೂತಿನವನ ಹತ್ರ "ಎಷ್ಟಾಯ್ತು?" ಅಂತ ಕೇಳುವಾಗ ಮಾತ್ರ ಧ್ವನಿ ಸಣ್ಣ.)

ಮಿಸ್ಡ್ ಕಾಲ್ ವಿದ್ಯೆ ಬಗ್ಗೆ ನಾನೇನು ಹೇಳಲಿ, ನೀವೇ ಗುರುಗಳು. ಒಂದು ರಿಂಗ್ ಆದ್ರೆ ಸುಖವಾಗಿ ತಲುಪಿದೆ, ಎರಡಾದ್ರೆ ನೀವೇ ತಿರುಗಿ ಮಾಡಿ. ಇಂಟರ್ನೆಟ್ ಫೋನ್ ಹುಟ್ಟೋ ಮೊದಲೇ ಕಾಸಿಲ್ಲದೆ ಸಮುದ್ರದಾಚೆಗೆ ಸುದ್ದಿ ಮುಟ್ಟಿಸಿದ ಈ ಪದ್ಧತಿಗೆ ಯಾರೂ ಪೇಟೆಂಟ್ ಮಾಡಿಸಲಿಲ್ಲ ನೋಡಿ. ಆ ಕಡೆ ಪಾಪದ ಹುಡುಗ ಇಂಡಿಯನ್ ಸ್ಟೋರಲ್ಲಿ ಕಾಲಿಂಗ್ ಕಾರ್ಡ್ ತಗೊಂಡು, ಉಗುರಲ್ಲಿ ಕೆರೆದು, ಉದ್ದದ ಪಿನ್ ಒತ್ತಿ, ಆಮೇಲೆ ನಿಮ್ಮ ನಂಬರ್ ಒತ್ತಿ ಮಾಡಿದ್ರೆ ನೀವು ಹೇಳ್ತಿದ್ದದ್ದೇನು? "ಅಪ್ಪಯ್ಯ ತೋಟಕ್ಕೆ ಹೋಗಿದಾರೆ, ತಡಿ ಕರೀತೀನಿ."

ಆಮೇಲೆ ಬಂತು ಸೈಬರ್ ಕೆಫೆ. ಒಳಗಿನ ಮೂಲೇಲಿ ಹೆಡ್‌ಫೋನ್ ಹಾಕ್ಕೊಂಡು "ನೆಟ್ ಫೋನ್" ಅಂತ ಪಿಸುಗುಟ್ಟುತ್ತಿದ್ರು. ಪಿಸುಗುಟ್ಟಲಿಕ್ಕೆ ಕಾರಣ ಇತ್ತು, ಆಗ ನಮ್ಮಲ್ಲಿ ಅದು ಕಾನೂನಿಗೆ ವಿರುದ್ಧ. ಹೊರದೇಶದ ಕರೆ ಅಂದ್ರೆ ವಿಎಸ್‌ಎನ್‌ಎಲ್ ಒಂದರದ್ದೇ ಯಜಮಾನಿಕೆ. ಅದು ತಪ್ಪಿದ್ದೂ, ಇಂಟರ್ನೆಟ್ ಮಾತಿಗೆ ಪರವಾನಗಿ ಸಿಕ್ಕಿದ್ದೂ ಒಂದೇ ದಿನ, 2002ರ ಏಪ್ರಿಲ್ 1. (ಸರ್ಕಾರಕ್ಕೆ ಬೇರೆ ತಾರೀಖೇ ಸಿಗಲಿಲ್ಲ ಅಂತ ಕಾಣ್ತದೆ.)

ಪರವಾನಗಿಯಲ್ಲೂ ಒಂದು ತಮಾಷೆ ಇತ್ತು. ನಿಮ್ಮ ಕಂಪ್ಯೂಟರಿಂದ ನ್ಯೂಜರ್ಸಿಯ ಫೋನಿಗೆ ಮಾಡಬಹುದು, ಪಕ್ಕದೂರಿನ ಷಡ್ಡಕನ ಫೋನಿಗೆ ಮಾಡಬಾರದು! ನಿಮಗೇನೂ ಬೇಜಾರಾಗಲಿಲ್ಲ ಬಿಡಿ. ಷಡ್ಡಕನ ಹತ್ರ ಮಾತು ಬಿಟ್ಟು ವರ್ಷ ಆಗಿತ್ತಲ್ಲ.

ಮನೇಲೂ ಕಂಪ್ಯೂಟರ್ ಬಂತು, ಡಯಲಪ್ ಕನೆಕ್ಷನ್ ಬಂತು. ಕುಂಯ್, ಕೀಂಯ್, ಗರ್ರ್ ಅಂತ ಅದು ಕಿರುಚಿ ಮುಗಿಸುವಷ್ಟರಲ್ಲಿ ಕಾಫಿ ಕುಡಿದಾಗ್ತಿತ್ತು. ಆ ಇಂಟರ್ನೆಟ್ ಬರ್ತಿದ್ದದ್ದು ಅದೇ ಫೋನಿನ ತಂತಿಯಲ್ಲಿ. ಹಾಗಾಗಿ ಮಗನಿಗೆ ಸಸ್ತಾದಲ್ಲಿ ಮಾತಾಡ್ಲಿಕ್ಕೆ ನೀವು ಕೂತಾಗಲೆಲ್ಲ ಮನೆ ಫೋನ್ ಎಂಗೇಜ್. ಅದೇ ಹೊತ್ತಿಗೆ ಮಗ ಆ ಕಡೆಯಿಂದ ಫೋನ್ ಮಾಡಿ ಮಾಡಿ ಸುಸ್ತು.

2003ರಲ್ಲಿ ಸ್ಕೈಪ್ ಹುಟ್ಟಿತು. ಒಬ್ಬ ಸ್ವೀಡನ್ನಿನವ, ಒಬ್ಬ ಡೆನ್ಮಾರ್ಕಿನವ ಶುರು ಮಾಡಿದ್ದು. ಒಳಗಿನ ಸಾಫ್ಟ್‌ವೇರ್ ಬರೆದ ಹುಡುಗ್ರು ಎಸ್ಟೋನಿಯಾದವರು. ಕಂಪ್ಯೂಟರಿಂದ ಕಂಪ್ಯೂಟರಿಗೆ ಪೂರ್ತಿ ಫ್ರೀ. ಫೋನಿಗೇ ಮಾಡ್ಬೇಕಾದ್ರೆ ಕ್ರೆಡಿಟ್ ಹಾಕಿಸ್ಬೇಕು, ಅಮೆರಿಕಕ್ಕೆ ನಿಮಿಷಕ್ಕೆ ಎರಡು ಸೆಂಟಿನ ಆಸುಪಾಸು. 50 ರೂಪಾಯಿಯ ಮಾತು ಒಂದು ರೂಪಾಯಿಗೆ ಇಳಿದಿತ್ತು. ನೀವು ಕುಣಿದಾಡಿದ್ರಾ? ಇಲ್ಲ. "ಈ ಒಂದು ರೂಪಾಯಿ ಯಾಕೆ ತಗೊಳ್ತಾರೆ?" ಅಂದ್ರಿ.

ಆ ಕ್ರೆಡಿಟ್ಟಿಗೆ ಒಂದು ಕೊಕ್ಕೆ ಇತ್ತು. 180 ದಿನ ಮುಟ್ಟದೆ ಬಿಟ್ರೆ ಅದು ಮಲಗಿಬಿಡ್ತಿತ್ತು. ಅದಕ್ಕೇ ಅಲ್ವಾ ನೀವು ಆರು ತಿಂಗಳಿಗೊಮ್ಮೆ ಬಾಸ್ಟನ್ನಿನ ಅಕ್ಕನ ಮಗನಿಗೆ ದಿಢೀರ್ ಪ್ರೀತಿಯಿಂದ ಫೋನ್ ಮಾಡ್ತಿದ್ದದ್ದು? ಪಾಪ ಅವನು ಚಿಕ್ಕಮ್ಮನಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡ. 2025ರ ಮೇ 5ಕ್ಕೆ ಸ್ಕೈಪ್ ಅಂಗಡಿಯೇ ಬಾಗಿಲು ಹಾಕಿತು. ಪಾಸ್‌ವರ್ಡ್ ಮಾತ್ರ ನಿಮ್ಮ ಹಳೇ ಕ್ಯಾಲೆಂಡರಿನ ಹಿಂದೆ ಹಾಗೇ ಇದೆ.

ಅಮೆರಿಕದಲ್ಲಿ ಕೂತು ನಗ್ತಿದೀರಲ್ಲ ನೀವು, ನಿಮ್ಮ ಕತೆಯೂ ಗೊತ್ತು! ರೌಟರಿಗೊಂದು ಡಬ್ಬಿ ಸಿಕ್ಕಿಸಿ ಮಾಮೂಲಿ ಫೋನಿಂದಲೇ ಇಂಟರ್ನೆಟ್ ಮೇಲೆ ಮಾತಾಡೋ ವೊನೇಜ್, 2009ರಲ್ಲಿ ತಿಂಗಳಿಗೆ ಸುಮಾರು 25 ಡಾಲರಿಗೆ ಭಾರತಕ್ಕೆ ಎಷ್ಟು ಬೇಕಾದ್ರೂ ಮಾತಾಡಿ ಅಂತು. ಅನ್‌ಲಿಮಿಟೆಡ್ ಅಂದದ್ದೇ ತಡ, ಅಮ್ಮನನ್ನ ಸ್ಪೀಕರಿಗೆ ಹಾಕಿ ಅಡುಗೆಮನೇಲಿ ಇಟ್ಕೊಂಡ್ರಿ. ತಂಬುಳಿಗೆ ಮೆಣಸು ಎಷ್ಟು, ಅಪ್ಪೆಹುಳಿಗೆ ಒಗ್ಗರಣೆ ಯಾವಾಗ. ಕೊಟ್ಟ ದುಡ್ಡು ಹುಟ್ಟಿಸ್ಬೇಕು ಅಂತ ಅಮ್ಮನ ನಿದ್ದೆ ಕೆಡಿಸಿದವರು ನೀವೇ.

ಗಲ್ಫಿನ ಮಂದಿಗೆ ಬೇರೆಯೇ ತಾಪತ್ರಯ. ಉಡುಪಿ, ಭಟ್ಕಳದವರನ್ನ ಕೇಳಿ ನೋಡಿ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು ಹೋಗ್ತದೆ, ಆದ್ರೆ ಅದರಲ್ಲಿ ಕಾಲ್ ಮಾಡ್ಲಿಕ್ಕೆ ವರ್ಷಗಟ್ಟಲೆ ತಡೆ. ಮಾತಿಗೆ ಬೋಟಿಮ್ ಥರದ ಪರವಾನಗಿ ಇರೋ ಆ್ಯಪೇ ಬೇಕು. ಅಥವಾ ವಾಯ್ಸ್ ಮೆಸೇಜು: ಗಂಡ ಅಲ್ಲಿಂದ ಒಂದು ತುಂಡು ಕಳಿಸ್ತಾನೆ, ಹೆಂಡತಿ ಇಲ್ಲಿಂದ ಒಂದು. (ಮಧ್ಯ ಬಾಯಿ ಹಾಕ್ಲಿಕ್ಕೆ ಬರೋದಿಲ್ಲ. ಸಂಸಾರಕ್ಕೆ ಇದೇ ಒಳ್ಳೇದು ಅನ್ನೋರೂ ಇದಾರೆ.)

ಹಾಗೇ ಇನ್ನೊಂದು. ದುಬೈಯಿಂದ ಕಾಲ್ ಬಂದ್ರೂ ನಿಮ್ಮ ಸ್ಕ್ರೀನಲ್ಲಿ ನಮ್ಮೂರ ಥರದ ಹತ್ತಂಕಿ ನಂಬರ್ ಕಂಡದ್ದುಂಟಾ? ಅದು ಪವಾಡ ಅಲ್ಲ ಸ್ವಾಮಿ. ಇಂಟರ್ನೆಟ್ಟಲ್ಲಿ ಬಂದ ಕರೆಯನ್ನ ಯಾವುದೋ ಬಾಡಿಗೆ ರೂಮಲ್ಲಿ ಸಾಲುಸಾಲು ಸಿಮ್ ತುಂಬಿದ ಪೆಟ್ಟಿಗೆಗೆ ಇಳಿಸಿ, ಅಲ್ಲಿಂದ ಲೋಕಲ್ ಕಾಲ್ ಮಾಡಿ ತಲುಪಿಸ್ತಾರೆ. ಶುದ್ಧ ಕಳ್ಳ ಎಕ್ಸ್‌ಚೇಂಜು. ಬೆಂಗಳೂರಲ್ಲಿ ಪೊಲೀಸರು ಇಂಥವನ್ನ ಹಿಡಿದಿದಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ, ಹತ್ರ ಬನ್ನಿ. 2015ರಲ್ಲಿ ವಾಟ್ಸಾಪ್ ಕಾಲ್ ಬಂತು, ಮರುವರ್ಷ ವಿಡಿಯೋ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ನೀರಿನ ಬೆಲೆಗೆ ಇಳೀತು. ನಿಮಗೆ ಖುಷಿ ಆಗ್ಬೇಕಿತ್ತು. ಆಗಿದ್ದು ಸಂಕಟ. ಯಾಕಂದ್ರೆ ಐಎಸ್‌ಡಿ ದರ ನಿಮಗೆ ಎಂಥಾ ಚಂದದ ನೆಪ ಆಗಿತ್ತು! ಚಿಕ್ಕಪ್ಪನ ಮನೆಯವರಿಗೆ ವರ್ಷಗಟ್ಟಲೆ ಫೋನ್ ಮಾಡದೆ ಇದ್ದದ್ದು ಸಿಟ್ಟಿಗಲ್ಲ, ರೇಟಿಗೆ ಅಂತ ಎಲ್ಲರೂ ನಂಬಿದ್ರು. ಕಾಲ್ ಪುಕ್ಸಟ್ಟೆ ಆದ ದಿನ ನಿಮ್ಮ ನೆಪ ಸತ್ತುಹೋಯ್ತು.

ಸತ್ತರೇನು, ಹೊಸದು ಹುಟ್ಟಿಸಿದ್ರಿ. "ನೆಟ್‌ವರ್ಕ್ ಇಲ್ಲ." ನಮ್ಮ ಕಡೆ ಅದು ಅರ್ಧ ನಿಜವೂ ಹೌದು. ಗುಡ್ಡ ಹತ್ತಿದ್ರೆ ಎರಡು ಕಡ್ಡಿ, ಇಳಿದ್ರೆ ಸೊನ್ನೆ. ವೈಫೈ ಹಾಕಿಸಿದ್ರೂ ಹಳೇ ಮನೆಯ ದಪ್ಪ ಗೋಡೆ ದಾಟಿ ಅದು ಜಗುಲಿಯಿಂದ ಅಡುಗೆಮನೆಗೆ ಬರೋದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ರೌಟರೂ ಹೋಯ್ತು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಬರ್ತಿತ್ತು, ಊರೆಲ್ಲ ಕತ್ತಲಾದ್ರೂ ಅದು ಮಾತಾಡ್ತಿತ್ತು. ಅದನ್ನ ಸರೆಂಡರ್ ಮಾಡಿದ್ದು ಯಾರು? ಹೇಳಿ, ಹೇಳಿ.

ಆದ್ರೆ ನಿಮ್ಮ ನೆಪವನ್ನ ಮಗನೂ ಕಲಿತುಬಿಟ್ಟಿದಾನೆ. ಮಾತು ಸಲೀಸಾಗಿ ಹೋಗ್ತಿರ್ತದೆ. ನೀವು "ಅಲ್ಲ ಕಣೋ, ಮದುವೆ ವಿಷಯ..." ಅಂದ ಕೂಡ್ಲೇ "ಅಪ್ಪಯ್ಯಾ, ವಾಯ್ಸ್ ಕಟ್ ಆಗ್ತಿದೆ" ಅಂತಾನೆ. ನಂಬ್ಬೇಡಿ. ಒಂದು ಗುಟ್ಟು ಹೇಳ್ತೀನಿ, ಮನೇಲಿ ಯಾರಿಗೂ ಹೇಳ್ಬೇಡಿ.

ಇಂಟರ್ನೆಟ್ ಫೋನ್ ನಿಮ್ಮ ಮಾತನ್ನ ಇಡಿಯಾಗಿ ಕಳಿಸೋದಿಲ್ಲ. ಅಡಿಕೆ ಹೋಳು ಮಾಡಿದ ಹಾಗೆ ಚಕಚಕ ಕತ್ತರಿಸಿ ಕಳಿಸ್ತದೆ, ಒಂದೊಂದು ಹೋಳೂ ಸಾಮಾನ್ಯವಾಗಿ 20 ಮಿಲಿಸೆಕೆಂಡಿನದು. ಅಂದ್ರೆ ಸೆಕೆಂಡಿಗೆ ಐವತ್ತು. ದಾರೀಲಿ ಕೆಲವು ಕಳೆದುಹೋದ್ರೆ ಹಿಂದಿನ ಹೋಳಿನ ಧ್ವನಿಯನ್ನೇ ಎಳೆದು ಆ ಜಾಗ ಮುಚ್ತದೆ. ಅದಕ್ಕೇ ನಿಜವಾಗಿ ನೆಟ್‌ವರ್ಕ್ ಕೆಟ್ಟಾಗ ಧ್ವನಿ ರೋಬೋಟಿನ ಥರ ಆಗೋದು, ಬಾವಿಯೊಳಗಿಂದ ಬಂದಂಗೆ ಗುಳುಗುಳು ಅನ್ನೋದು. ಮಾತು ಸ್ವಚ್ಛವಾಗಿದ್ದು, ಮದುವೆ ಅಂದ ಕ್ಷಣಕ್ಕೆ ಸರಿಯಾಗಿ ಪೂರ್ತಿ ನಿಶ್ಶಬ್ದ ಆದ್ರೆ? ಹುಡುಗ ಮ್ಯೂಟ್ ಒತ್ತಿದಾನೆ. ಹಿಡ್ಕೊಳ್ಳಿ!

ನಿಶ್ಶಬ್ದ ಅಂದ್ಮೇಲೆ ನೆನಪಾಯ್ತು. ಎರಡೂ ಕಡೆ ಸುಮ್ಮನಾದ್ರೆ ಸಣ್ಣಗೆ ಸುಂಯ್ ಅಂತದಲ್ಲ, ಎಷ್ಟೋ ಸಲ ಅದು ಫೋನೇ ತಯಾರಿಸಿದ ಸುಳ್ಳು ಸದ್ದು. ಪೂರ್ತಿ ಮೌನ ಆದ್ರೆ ಲೈನ್ ಕಟ್ಟಾಯ್ತು ಅಂತ ನೀವು ಗಾಬರಿ ಬೀಳ್ತೀರಿ ಅಂತ ಇಂಜಿನಿಯರುಗಳು ಬೇಕಂತಲೇ ಸೇರಿಸ್ತಾರೆ. (ಹೆಂಡತಿ ಮಾತಾಡುವಾಗ ಪೇಪರ್ ಓದ್ತಾ ನೀವು "ಹೂಂ, ಹೂಂ" ಅಂತೀರಲ್ಲ, ಆ ಐಡಿಯಾ ಅವರಿಗೆ ಎಲ್ಲಿಂದ ಬಂತೋ.)

ಮತ್ತೆ ಆ ಕೂಗು! ಅಮೆರಿಕ ದೂರ ಅಂತ ಅಲ್ಲ, ಬೇರೆ ಕಾರಣ ಇದೆ. ಹಳೇ ರಿಸೀವರಿನಲ್ಲಿ ನಿಮ್ಮ ಧ್ವನಿ ನಿಮ್ಮ ಕಿವಿಗೂ ಸ್ವಲ್ಪ ಬರ್ತಿತ್ತು, ಎಷ್ಟು ಜೋರಾಯ್ತು ಅಂತ ಗೊತ್ತಾಗ್ತಿತ್ತು. ಸ್ಪೀಕರಿಗೆ ಹಾಕಿದ್ರೆ ಆ ಸೌಲಭ್ಯ ಇಲ್ಲ. ಆದ್ರೆ ಬೂತಲ್ಲೂ ಕೂಗ್ತಿದ್ರಲ್ಲ ಅಂದ್ರಾ? ನಿಮ್ಮ ವಿಷಯದಲ್ಲಿ ವಿಜ್ಞಾನ ಪೂರ್ತಿ ನಡೆಯೋದಿಲ್ಲ ಬಿಡಿ.

ವಿಡಿಯೋದಲ್ಲಂತೂ ನಿಮ್ಮನ್ನ ನೋಡ್ಬೇಕು. ನಿಮ್ಮ ಮೊಮ್ಮಗಳಿಗೆ ಗೊತ್ತಿರೋ ಅಜ್ಜ ಅಂದ್ರೆ ಒಂದು ಹಣೆ, ಮೇಲೊಂದು ಫ್ಯಾನು. "ಮುಖ ತೋರ್ಸಿ ಅಜ್ಜಾ" ಅಂದ್ರೆ ಫೋನನ್ನ ಕಿವಿಗೆ ಇಟ್ಕೊಳ್ತೀರಿ. ಆ ಕಡೆ ಇಡೀ ಸಂಸಾರ ಕೂತು ನಿಮ್ಮ ಕಿವಿಯ ಕೂದಲು ನೋಡ್ತದೆ. ಒಂದು ವಾರ ಯೋಚನೆ ಮಾಡಿ ಸೀರೆ ಆರಿಸಿದ ಅಜ್ಜಿ ಪಕ್ಕದಲ್ಲೇ ಕೂತಿರ್ತಾರೆ, ಫ್ರೇಮಿನ ಹೊರಗೆ.

ಟೈಮಿನ ಲೆಕ್ಕ ನಿಮಗೆ ಈಗಲೂ ಸರಿಯಾಗಿಲ್ಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲನೇ ಭಾನುವಾರ ಅವರು ಗಡಿಯಾರ ತಿರುಗಿಸ್ತಾರೆ. ನೀವು ತಿರುಗಿಸಿದ್ರೆ ತಾನೆ! ಬೆಳಿಗ್ಗೆ ಏಳಕ್ಕೆ ಮಾಡಿದ್ರೆ ಅಲ್ಲಿ ಹಿಂದಿನ ದಿನದ ಸಂಜೆ, ತೊಂದರೆ ಇಲ್ಲ. ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆ ಹಾಕ್ಕೊಂಡು, ಹೊತ್ತು ಹೋಗ್ತಿಲ್ಲ ಅಂತ ಮಾಡ್ತೀರಿ ನೋಡಿ, ಆಗ ಅಲ್ಲಿ ನಡುರಾತ್ರಿ. ಹೌಹಾರಿ ಎದ್ದವನಿಗೆ ನಿಮ್ಮ ಮೊದಲ ಪ್ರಶ್ನೆ: "ಊಟ ಆಯ್ತನೋ?"

ಎಲ್ಲ ಮುಗೀತು ಅಂದ್ರೆ ಮುಗಿಯೋದಿಲ್ಲ. "ಸರಿ, ಇಡ್ತೀನಿ." "ಹಾಂ, ಇಡಿ." "ನೀನೇ ಇಡು." ಬೂತಲ್ಲಿ ಅಂಕಿ ನೋಡಿ ಅರ್ಧ ಮಾತಲ್ಲೇ ಇಟ್ಟು ಬರ್ತಿದ್ದವರು ನೀವು. ಈಗ ಬಾಗಿಲಲ್ಲಿ ನಿಂತು ಒಂದು ಗಂಟೆ ಮಾತಾಡೋ ನೆಂಟರ ಜಾತಿಗೆ ಸೇರಿಬಿಟ್ಟಿದೀರಿ. ಅಂತೂ ಇಡ್ತೀರಿ. ಎಲ್ಲಿ? ಮೇಜಿನ ಮೇಲೆ! ಹಳೇ ಫೋನಾದ್ರೆ ಕೆಳಗೆ ಇಟ್ಟ ಕೂಡ್ಲೇ ಲೈನ್ ಕಟ್ಟು. ಇದಕ್ಕೆ ಕೆಂಪು ಗುಂಡಿ ಒತ್ಬೇಕು ಮಾರಾಯ್ರೇ, ಅದು ನಿಮಗೆ ನೆನಪಿದ್ರೆ ತಾನೆ.

ಫೋನ್ ಇಟ್ಟು, ಕಾಲು ನೀಡಿ ಕೂತು, ಯಜಮಾನರ ಕಡೆ ತಿರುಗಿ ಶುರು ಮಾಡ್ತೀರಿ. "ನೋಡಿದ್ರಾ, ಸೊಸೆ ಮುಖ ಎಷ್ಟು ಬಿಗಿದುಕೊಂಡಿದ್ಲು? ನಮ್ಮ ಪುಟ್ಟನೇ ಪಾತ್ರೆ ತೊಳೀತಿದ್ದ, ಹಿಂದೆ ಕಾಣಿಸ್ತಿತ್ತು. ಅವಳ ಅಮ್ಮ ಅಲ್ಲಿಗೆ ಹೋದಾಗ ಆರು ತಿಂಗಳು ಇದ್ರಲ್ಲ, ಆಗ ಏನೂ ಕಲಿಸಲಿಲ್ಲ ಅಂತ ಕಾಣ್ತದೆ..."

ಮೇಜಿನ ಮೇಲಿಂದ, ಒಂದು ಹೋಳೂ ಕಳೆದುಹೋಗದೆ, ಸ್ಪಷ್ಟವಾಗಿ ಬರ್ತದೆ ಧ್ವನಿ: "ಅತ್ತೆ, ಲೈನಲ್ಲೇ ಇದೀನಿ."